ಎರಡು ಖಾನೆಗಳ ನಡುವಿನ ಸಂದಿ

ಎರಡು ಕಿಡ್ನಿಯೂ ಕೆಟ್ಟು ಅಕ್ಕ ವಾರಕ್ಕೆರಡು ಸಲ ನಾಗಮಂಗಲದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕಾಗಿ ಬಂದಾಗ ಅವಳಿಗೆ ಮೂವತ್ತೆರಡು, ನನಗೆ ಇಪ್ಪತ್ತೇಳು. "ವಸಿ ದಿನ ತವರಲ್ಲಿದ್ದು ಸುಧಾರಿಸ್ಕೊಳ್ಲಿ" ಎಂದು ಬಿಂಡಿಗನವಿಲೆಗೆ ಬಿಟ್ಟುಹೋದ ಗಂಡನ ಮನೆಯವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಪ್ಪ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಅವ್ವನಿಗೆ ಸಕ್ಕರೆ ಕಾಯಿಲೆ, ಮೇಲೆ ಹನ್ನೆರಡು ಕುರಿಗಳ ಕಾಟ. ಹಾಗಾಗಿ ಅಕ್ಕನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುವ ಕೆಲಸ ನನ್ನ ಪಾಲಿಗೆ ಬಂತು. ನಾನು ನಾಗಮಂಗಲದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬ್ಯಾನರು ಮಾಡುತ್ತಿದ್ದೆ. ಮಾಲೀಕರು ಒಳ್ಳೆಯವರು. ಮಂಗಳವಾರ, ಶುಕ್ರವಾರ ಬರದಿದ್ದರೂ ನಡೆಯುತ್ತದೆ ಎಂದಿದ್ದರು.

ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಅಷ್ಟು ಹೊತ್ತೂ ಅವಳ ರಕ್ತ ಕೊಳವೆಯಲ್ಲಿ ಹೊರಗೆ ಬಂದು, ಮಿಷನ್ನಿನಲ್ಲಿ ಸುತ್ತಿ, ಮತ್ತೆ ಒಳಗೆ ಹೋಗಬೇಕು. ಗೋಡೆಯ ಟೀವಿಯಲ್ಲಿ ಯಾವಾಗಲೂ ನ್ಯೂಸು, ಅದಕ್ಕೂ ಸೌಂಡಿಲ್ಲ. ಅಕ್ಕ ಬ್ಲೌಸು ಹೊಲಿಯುತ್ತಿದ್ದವಳು, ಸುಮ್ಮನೆ ಮಲಗಿ ಅಭ್ಯಾಸವಿಲ್ಲ. ಅವಳಿಗೆ ಹೊತ್ತು ಹೋಗಲಿ ಎಂದು ನಾನು ಹಳೆಯ ನೋಟ್‌ಬುಕ್ಕೊಂದರಲ್ಲಿ ಚಿತ್ರದಲ್ಲಿ ಕತೆ ಬರೆಯಲು ಶುರು ಮಾಡಿದೆ. ಚಿತ್ರ ಬಿಡಿಸಿ ಶಾಲೆಯಲ್ಲಿ ಬಹುಮಾನ ತೆಗೆದುಕೊಂಡವಳೆಂಬ ಜಂಬ ನನಗಿತ್ತು. ಮೊದಲ ಕತೆ, ನಮ್ಮ ಕುರಿಯೊಂದು ನಾಗಮಂಗಲದ ಬಸ್ಸು ಹತ್ತಿಬಿಟ್ಟದ್ದು. ಎರಡು ಪುಟ ಬರೆದು ಅವಳ ಎದೆಯ ಮೇಲಿಟ್ಟೆ.

"ಇದ್ಯಾರಮ್ಮಿ?"

"ಕಂಡಕ್ಟರು."

"ಅಂಗಾದ್ರೆ ಇಲ್ಲಿ ನಿಂತಿರೋನು?"

"ಅವ್ನೂ ಅವ್ನೇ."

"ಇಲ್ಲಿ ಮೀಸೆ ಅದೆ, ಅಲ್ಲಿಲ್ಲ. ಕುರಿ ಆಗ ಆ ಕಡೀಕೆ ಓಡ್ತಿತ್ತು, ಈಗ ಈ ಕಡೀಕೆ ಓಡ್ತಾ ಅದೆ. ವಾಪಸ್ ಬತ್ತಾ ಅದಾ?"

ನನಗೆ ಸಿಟ್ಟು ಬಂತು. ಆದರೆ ಮತ್ತೆ ನೋಡಿದಾಗ ಅವಳು ಹೇಳಿದ್ದು ಸರಿಯೆನ್ನಿಸಿತು. ಒಂದೊಂದು ಚಿತ್ರವೂ ಚೆನ್ನಾಗಿತ್ತು. ಒಂದರ ಪಕ್ಕ ಒಂದು ಇಟ್ಟರೆ ಏನೂ ನಡೆಯುತ್ತಿರಲಿಲ್ಲ.

ನಮ್ಮ ಮಾಲೀಕರಿಗೆ ಇದನ್ನು ಹೇಳಿದೆ. ಅವರು, "ಗಂಜಾಂನಲ್ಲಿ ಒಬ್ಬರು ಪೈಂಟರ್ ಸಾಬ್ರವ್ರೆ. ಬೋರ್ಡು ಬರೀತಿದ್ರು. ಅದಕ್ಕೂ ಮುಂಚೆ ಮಕ್ಕಳ ಮಾಸಪತ್ರಿಕೆಗೆ ಕಾಮಿಕ್ಸ್ ಬರೀತಿದ್ರಂತೆ. ಓಗಿ ನೋಡು" ಎಂದರು.

ಒಂದು ಭಾನುವಾರ ಪಾಂಡವಪುರದ ಮೇಲೆ ಹೋಗುವ ಬಸ್ಸು ಹಿಡಿದು ಶ್ರೀರಂಗಪಟ್ಟಣಕ್ಕೆ ಹೋಗಿ, ಅಲ್ಲಿಂದ ಗಂಜಾಂಗೆ ನಡೆದೆ. ಜನವೆಲ್ಲ ನಿಮಿಷಾಂಬ ಗುಡಿಯ ಕಡೆ ಹೋಗುತ್ತಿದ್ದರು. ನಾನು ಕೇಳಿಕೊಂಡು ಇನ್ನೊಂದು ಬೀದಿಗೆ ತಿರುಗಿದೆ. ಮನೆಯ ಮುಂದಿನ ಕೋಣೆಯಲ್ಲಿ ತಗಡಿನ ಬೋರ್ಡುಗಳನ್ನು ಗೋಡೆಗೆ ಮುಖ ಮಾಡಿ ಜೋಡಿಸಿದ್ದರು. ಎಪ್ಪತ್ತರ ಹತ್ತಿರದ ಮುದುಕರು ಚಾಪೆಯ ಮೇಲೆ ಕೂತಿದ್ದರು. ಎಲ್ಲಿ ಕೆಲಸ ಎಂದು ಕೇಳಿದರು. ಫ್ಲೆಕ್ಸ್ ಅಂಗಡಿ ಅಂದೆ.

"ಫ್ಲೆಕ್ಸಾ," ಎಂದರು. ಒಳಗಿನಿಂದ ಅವರ ಹೆಂಡತಿ ತಂದಿಟ್ಟ ಚಾವನ್ನು ಅವರು ನನ್ನ ಕಡೆ ಸರಿಸಿದರು. "ನಿಮ್ ಮಿಷನ್ ಬಂದ್ ವರ್ಷವೇ ನನ್ ಬ್ರಷ್ ಒಣಗಿದ್ದು. ಕುಡಿಯಮ್ಮ, ಚಾ ಆರೋಗ್ತದೆ."

ನಾನು ನಾಚಿಕೆಯಿಂದಲೇ ನೋಟ್‌ಬುಕ್ ಕೊಟ್ಟೆ. ಅವರ ಒಂದು ಕಣ್ಣಿಗೆ ಪೊರೆ ಬಂದಿತ್ತು. ಪುಟವನ್ನು ಮೂಗಿನ ಹತ್ತಿರ ತಂದು ನೋಡಿದರು. ಕುರಿ ಬಸ್ಸಿನ ಮೆಟ್ಟಿಲ ಮೇಲೆ ನಿಂತದ್ದನ್ನು ನೋಡಿ ನಕ್ಕರು. "ಚಿತ್ರ ಚೆನ್ನಾಗದೆ. ಕತೆ ಸತ್ತೋಗದೆ. ಮುಂದಿನ್ ಭಾನ್ವಾರ ಬಾ."

ಹೀಗೆ ನನ್ನ ಪಾಠ ಶುರುವಾಯಿತು. ಅವರನ್ನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ಬೇಟಿ ಎನ್ನುತ್ತಿದ್ದರು. ಪುಟದ ಒಂದೊಂದು ಚೌಕಕ್ಕೂ ಅವರು ಖಾನೆ ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ಮದರಸಾದಲ್ಲಿ ಉರ್ದು ಬರೆದು ಪಳಗಿದ ಕೈಯಾದ್ದರಿಂದ ಕರಡು ಹಾಕುವಾಗ ಬಲದಿಂದ ಎಡಕ್ಕೆ ಹಾಕಿಬಿಡುತ್ತಿದ್ದರು, ಆಮೇಲೆ ತಾವೇ ಬೈದುಕೊಂಡು ತಿರುಗಿಸುತ್ತಿದ್ದರು. ಮೊದಲ ಎರಡು ತಿಂಗಳು ಮಾತಿನ ಗುಳ್ಳೆ ಹಾಕುವುದಕ್ಕೇ ಬಿಡಲಿಲ್ಲ. "ಮೊದ್ಲು ಎಲ್ರ ಬಾಯಿ ಮುಚ್ಸು. ಮಾತಿಲ್ದೆ ತಿಳಿಯದ್ದು ಮಾತು ಹಾಕಿದ್ರೂ ತಿಳಿಯಾಕಿಲ್ಲ." ಒಬ್ಬನೇ ಮನುಷ್ಯನ ಮುಖವನ್ನು ಮುಂದಿನಿಂದ, ಪಕ್ಕದಿಂದ, ಮೇಲಿನಿಂದ, ತಲೆ ಬಗ್ಗಿಸಿದಾಗ, ಹೀಗೆ ಇಪ್ಪತ್ತು ಸಲ ಬರೆಸುತ್ತಿದ್ದರು. ಬಲಕ್ಕೆ ಹೊರಟವನು ಊರು ತಲುಪುವತನಕ ಬಲಕ್ಕೇ ಹೋಗುತ್ತಿರಬೇಕು, ಎಡಕ್ಕೆ ತಿರುಗಿದರೆ ಓದುವವನು ಮನೆಗೆ ಹೋಗುತ್ತಿದ್ದಾನೆ ಅಂದುಕೊಳ್ಳುತ್ತಾನೆ ಎಂದು ಹೇಳಿಕೊಟ್ಟರು. ಅಕ್ಕ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಹೇಳಿದ್ದೂ ಅದನ್ನೇ.

ಒಂದು ಸಲ ಆರು ಖಾನೆ ಕೊಟ್ಟು, ಅಕ್ಕ ಬೆಳಗ್ಗೆ ಎದ್ದು ಆಸ್ಪತ್ರೆ ಸೇರುವುದನ್ನು ಬರೆಯಲು ಹೇಳಿದರು. ನಾನು ಏಳುವುದು, ಹಲ್ಲುಜ್ಜುವುದು, ತಲೆ ಬಾಚುವುದು ಎಲ್ಲ ಬರೆದೆ. ಆರು ಖಾನೆ ಮುಗಿದರೂ ಅವಳಿನ್ನೂ ಮನೆಯಲ್ಲೇ ಇದ್ದಳು. ಚಾಚಾ ಮೂರಕ್ಕೆ ಅಡ್ಡಗೀಟು ಎಳೆದರು.

"ಅಲ್ಲುಜ್ಜೋದು ಓದೋರ್ಗೂ ಗೊತ್ತು, ಬುಟ್ಬುಡು. ನೋಡು, ಎಲ್ಡು ಖಾನೆ ಮಧ್ಯ ಒಂದ್ ಬೆರಳು ಸಂದಿ ಬುಡ್ತೀವಲ್ಲ, ಅದು ಓದೋರು ಓಡಾಡೋ ಜಾಗ. ಇಲ್ಲಿ ಬಸ್ ಅತ್ತವ್ಳೆ, ಅಲ್ಲಿ ಆಸ್ಪತ್ರೆ ಬಾಗ್ಲಲ್ಲವ್ಳೆ. ಮಧ್ಯದ ದಾರಿ ನಡೆದೋರು ಯಾರು? ಓದೋರು. ಅವ್ರ ಮೇಲೆ ಅಷ್ಟು ಭರೋಸಾ ಇರ್ಬೇಕು."

ಕಲಿತದ್ದನ್ನು ವಾರದ ಎರಡು ಮಧ್ಯಾಹ್ನ ಅಕ್ಕನ ಮೇಲೆ ಪ್ರಯೋಗ ಮಾಡುತ್ತಿದ್ದೆ. ಅವಳು ಬರಬರುತ್ತಾ ಚಾಚಾನಿಗಿಂತ ಕಟ್ಟುನಿಟ್ಟಾದಳು. ಅವಳು ದಿನಕ್ಕೆ ಇಂತಿಷ್ಟೇ ನೀರು ಕುಡಿಯಬೇಕು, ಎಳನೀರಂತೂ ಬಾಯಿಗೆ ತಾಗಿಸುವ ಹಾಗಿರಲಿಲ್ಲ. ಒಂದು ದಿನ ಒಣಗಿದ ತುಟಿ ಸವರಿಕೊಂಡು, "ನಂಗೊಂದ್ ಎಳನೀರು ಬರ್ಕೊಡಮ್ಮಿ" ಅಂದಳು. ನಾನು ಅವಳನ್ನೇ ಬರೆದೆ. ಒಂದು ಕುಡಿಯುತ್ತಾಳೆ, ಗೊನೆ ಕುಡಿಯುತ್ತಾಳೆ, ಕೊನೆಯ ಖಾನೆಯಲ್ಲಿ ತೋಟದ ಮರಗಳೆಲ್ಲ ಬೋಳು, ಅವಳ ಹೊಟ್ಟೆ ಮಾತ್ರ ಕೆರೆಯಷ್ಟು. ಅಕ್ಕ ನಕ್ಕ ನಗುವಿಗೆ ಕೊಳವೆ ಅಲ್ಲಾಡಿ ಮಿಷನ್ ಕೂಗಿಕೊಂಡು, ನರ್ಸಮ್ಮ ಓಡಿ ಬಂದರು. ಆಮೇಲೆ ಅವಳು ಅಷ್ಟು ನಕ್ಕದ್ದು ನೆನಪಿಲ್ಲ.

"ಇನ್ಮೇಲೆ ಕುರಿಗಿರಿ ಬ್ಯಾಡ, ನಂದೇ ಬರಿ," ಅಂದಳು ಒಮ್ಮೆ. "ಮೊದ್ಲಿಂದ ಬರಿ. ಕಾಲು ಊದ್ಕಂಡಿತ್ತಲ್ಲ, ಅಲ್ಲಿಂದ."

ಬರೆದೆ. ಮೊದಲ ಪುಟ ನೋಡಿ ಅವಳು ಮುಖ ಗಂಟು ಹಾಕಿದಳು. "ಯಾರ್ ಕೈ ಇದು?"

"ನಿಂದೇ."

"ನಂದಲ್ಲ." ಸೂಜಿ ಚುಚ್ಚಲು ಅನುಕೂಲವಾಗಲೆಂದು ಅವಳ ಎಡಗೈಯಲ್ಲಿ ನರ ಕೂಡಿಸಿ ಆಪರೇಷನ್ ಮಾಡಿದ್ದರು. ಆ ನರ ಹಗ್ಗದ ಹಾಗೆ ಉಬ್ಬಿ ಸುತ್ತಿಕೊಂಡಿತ್ತು. ನಾನು ಅದನ್ನು ಬಿಟ್ಟು ನಯವಾದ ಕೈ ಬರೆದಿದ್ದೆ. ಅವಳು ನನ್ನ ಅಂಗೈಯನ್ನು ಎಳೆದು ಅದರ ಮೇಲಿಟ್ಟಳು. ಚರ್ಮದ ಕೆಳಗೆ ರಕ್ತ ಜುಂಯ್ ಎನ್ನುತ್ತಿತ್ತು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. "ಇದ್ನ ಬರಿ," ಅಂದಳು.

ಅದುರುವುದನ್ನು ಹೇಗೆ ಬರೆಯುವುದು? ಚಾಚಾನನ್ನು ಕೇಳಿದೆ. "ಅದನ್ನ ಬರಿಯಾಕಾಗಲ್ಲ. ಮುಟ್ಟಿ ಕೈ ಎಳ್ಕೊಂಡೆಯಲ್ಲ, ಆ ಕೈ ಬರಿ," ಎಂದರು.

ಹೀಗೆ ವರ್ಷ ತುಂಬುವಷ್ಟರಲ್ಲಿ ಮೂವತ್ತು ಪುಟವಾಯಿತು. ಒಂದು ಭಾನುವಾರ ಅಷ್ಟನ್ನೂ ಚಾಚಾನ ಮುಂದಿಟ್ಟೆ. ಅವರು ಒಂದೊಂದೇ ಪುಟವನ್ನು ಕಣ್ಣಿಗೆ ಹಚ್ಚಿಕೊಂಡು ನೋಡಿದರು. ಹದಿನೇಳನೇ ಪುಟದ ಹತ್ತಿರ ನಿಂತರು. ಮುಂದಕ್ಕೆ ಹೋದರು, ಮತ್ತೆ ಅಲ್ಲಿಗೇ ಬಂದರು.

"ಇಲ್ಲಿ ಮೈಸೂರಲ್ಲಿ ಡಾಕ್ಟ್ರ ರೂಮು. ಡಾಕ್ಟ್ರು ನಿನ್ ಕಡೆ ನೋಡ್ತಾವ್ರೆ. ಮುಂದಿನ್ ಖಾನೇಲಿ ಬಸ್ಸು. ಅಕ್ಕ ಕಿಟಕೀಲಿ ನೋಡ್ತಾವ್ಳೆ, ನೀನು ಈ ಕಡೆ ಮುಖ ತಿರುಗ್ಸಿದ್ದೀಯ. ಮಧ್ಯ ಏನಾಯ್ತು?"

"ಏನೂ ಆಗ್ಲಿಲ್ಲ ಚಾಚಾ. ಓದೋರು ತುಂಬ್ಕೋತಾರೆ ಅಂತ ಬಿಟ್ಟೆ."

"ಇಲ್ಲ ಬೇಟಿ. ಓದೋರು ನಡೀಲಿ ಅಂತ ಸಂದಿ ಬುಡೋದು ಬೇರೆ, ಬರಿಯೋರು ಬಚ್ಚಿಟ್ಕೊಳಾಕೆ ಬುಡೋದು ಬೇರೆ. ಇದು ಎಲ್ಡನೇದು."

ನನಗೆ ಅಳು ಬಂತು. ಅಲ್ಲಿಯವರೆಗೆ ಯಾರಿಗೂ ಹೇಳದಿದ್ದುದನ್ನು ಆ ಚಾಪೆಯ ಮೇಲೆ ಕೂತು ಹೇಳಿದೆ.

ಆ ದಿನ ಮೈಸೂರಿನ ಡಾಕ್ಟರು, ಒಡಹುಟ್ಟಿದವರು ಕಿಡ್ನಿ ಕೊಡಬಹುದು ಎಂದಿದ್ದರು. ಅವ್ವನದು ಆಗುವುದಿಲ್ಲ, ನನ್ನದೂ ಅಕ್ಕನದೂ ರಕ್ತದ ಗುಂಪು ಒಂದೇ ಇದೆ, ಮಿಕ್ಕ ಪರೀಕ್ಷೆಗಳಿಗೆ ನಾನು ಒಬ್ಬಳೇ ಬಂದರೂ ಸಾಕು ಎಂದು ದಿನ ಕೊಟ್ಟಿದ್ದರು. ಆಗ ನನಗೆ ಕೆ.ಆರ್. ಪೇಟೆ ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಫೋನಿನಲ್ಲಿ ವಿಷಯ ಹೇಳಿದಾಗ, "ಮನೇಲಿ ಒಪ್ಪಾಕಿಲ್ಲ, ಮುಂದೆ ಮಕ್ಳುಮರಿ ಆಗ್ಬೇಕಲ್ಲ" ಅಂದ. ಆದರೆ ಎಲ್ಲವನ್ನೂ ಅವನ ಮೇಲೆ ಹಾಕಿದರೆ ಅದೂ ಸುಳ್ಳೇ. ನನಗೆ ಕೊಡಲು ಮನಸ್ಸಿರಲಿಲ್ಲ. ಕತ್ತಿಯ ಭಯ. ನನ್ನ ಮೈ ಅಕ್ಕನ ಮೈಯಂತಾಗುತ್ತದೆ ಎಂಬ ಭಯ.

ಪರೀಕ್ಷೆಯ ದಿನ ಮೈಸೂರಿನ ಬಸ್ಸು ಹತ್ತಿದೆ. ಪಾಂಡವಪುರ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಇಳಿದುಬಿಟ್ಟೆ. ಯಾಕೆ ಇಳಿದೆ ಎಂದು ನನಗೇ ತಿಳಿಯಲಿಲ್ಲ, ಕಾಲು ಇಳಿದವು ಅಷ್ಟೆ. ಬೆಂಚಿನ ಮೇಲೆ ನಾಲ್ಕು ಗಂಟೆ ಕೂತೆ. ಒಂದು ಲೋಟ ಕಬ್ಬಿನ ಹಾಲು ಕುಡಿದೆ. ವಾಪಸ್ ಬಸ್ಸು ಹಿಡಿದು ಮನೆಗೆ ಬಂದು, "ಮ್ಯಾಚ್ ಆಗ್ಲಿಲ್ವಂತೆ" ಅಂದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕ ಮಾತ್ರ, "ಓಗ್ಲಿ ಬುಡು. ಸುಮ್ಕೆ ನಿಂಗೆ ಓಡಾಟ ಆಯ್ತು, ಪಾಪ" ಎಂದು ನನಗೆ ಅನ್ನ ಬಡಿಸಲು ಎದ್ದಳು.

ನಾನು ಹೇಳಿ ಮುಗಿಸುವಾಗ ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತುಹೋಗಿತ್ತು. ಚಾಚಾ ಪುಟಗಳನ್ನು ಸರಿಮಾಡಿ ನನ್ನ ಕೈಗೆ ಕೊಟ್ಟರು. "ಬರಿ. ನಂಗೆ ತೋರಿಸ್ಬ್ಯಾಡ. ತೋರಿಸ್ಬೇಕಾದೋರ್ಗೆ ತೋರ್ಸು."

ಆರು ಖಾನೆ ಬರೆದೆ. ಬಸ್ಸಿನ ಕಿಟಕಿಯಲ್ಲಿ ನಾನು. ಪಾಂಡವಪುರದಲ್ಲಿ ಇಳಿಯುವ ಕಾಲು. ಬೆಂಚು. ಅದೇ ಬೆಂಚು, ನೆರಳು ಮಾತ್ರ ಆ ಪಕ್ಕಕ್ಕೆ ಸರಿದಿದೆ. ಮನೆ, ನನ್ನ ಬಾಯಿಯ ಹತ್ತಿರ ಒಂದೇ ಗುಳ್ಳೆ: ಮ್ಯಾಚ್ ಆಗ್ಲಿಲ್ವಂತೆ. ಆರನೆಯದು ಅಡಿಗೆಮನೆಗೆ ಹೋಗುತ್ತಿರುವ ಅಕ್ಕನ ಬೆನ್ನು.

ಒಂದು ಶುಕ್ರವಾರ ಅದನ್ನು ಅವಳ ಕೈಗೆ ಕೊಟ್ಟೆ. ಮಿಷನ್ನಿಗೆ ಕಟ್ಟಿಹಾಕಿದ್ದವಳಿಗೆ ಎದ್ದು ಹೋಗುವುದಕ್ಕೂ ಆಗುವುದಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ಅವಳು ಎರಡು ಸಲ ಓದಿದಳು. ಬೆಂಚಿನ ಎರಡು ಖಾನೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು.

"ಇಲ್ಲಿ ನನ್ ಬೆನ್ನು ಯಾಕ್ ಬರ್ದಿದ್ದೀ?"

"ಮುಖ ಎಂಗೆ ಬರೀಬೇಕು ಅಂತ ಗೊತ್ತಾಗ್ನಿಲ್ಲ."

ಅವಳು ದಿಂಬಿನ ಮೇಲೆ ಮುಖ ತಿರುಗಿಸಿದಳು. "ಇಂಗಿರ್ತದೆ. ನೋಡ್ಕೊ."

ನಾನು ನೋಡಿ ತಲೆ ತಗ್ಗಿಸಿದೆ.

"ತಲೆ ಎತ್ತು. ಬರಿಯೋಳು ತಾನೆ ನೀನು? ನೋಡು."

ನೋಡಿದೆ. ಅವಳು ಅಳುತ್ತಿರಲಿಲ್ಲ. ಸಿಟ್ಟು ಎಂದರೂ ತಪ್ಪಾಗುತ್ತದೆ. ಪರಿಚಯದವರು ಅಂದುಕೊಂಡು ಕೂಗಿದಾಗ, ಅವರು ತಿರುಗಿದ ಮೇಲೆ ಬೇರೆ ಯಾರೋ ಆಗಿದ್ದರೆ ನಮ್ಮ ಮುಖ ಹೇಗಾಗುತ್ತದೋ ಹಾಗಿತ್ತು. ನರ್ಸಮ್ಮ ಬಂದು ಬೀಪಿ ಏರಿದೆ, ಮಾತಾಡಿಸಬೇಡಿ ಎಂದು ನನ್ನನ್ನು ಹೊರಗೆ ಕಳಿಸಿದರು. ಸಂಜೆ ಬಸ್ಸಿನಲ್ಲಿ ಅವಳು ನನಗಿಂತ ಎರಡು ಸೀಟು ಮುಂದೆ, ಒಬ್ಬ ಅಪರಿಚಿತ ಹೆಂಗಸಿನ ಪಕ್ಕ ಕೂತಳು.

ಆಮೇಲೆ ಮೂರು ವಾರ ಅವಳು ಅವ್ವನ ಜೊತೆ ಆಸ್ಪತ್ರೆಗೆ ಹೋದಳು. ಅವ್ವ ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗುತ್ತಿದ್ದಳು. "ಏನಾಯ್ತು ನಿಮ್ಮಿಬ್ರಿಗೆ?" ಎಂದು ಕೇಳಿದರೆ ಅಕ್ಕನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕೆ.ಆರ್. ಪೇಟೆಯವನಿಗೆ ಫೋನ್ ಮಾಡಿ, ಪರೀಕ್ಷೆಗೆ ಹೋಗುತ್ತಿದ್ದೇನೆ ಅಂದೆ. "ಯೋಚ್ನೆ ಮಾಡಿ ಏಳ್ತೀವಿ" ಅಂದ. ಹೇಳಲಿಲ್ಲ. ಒಬ್ಬಳೇ ಮೈಸೂರಿಗೆ ಹೋದೆ. ಪಾಂಡವಪುರದಲ್ಲಿ ಬಸ್ಸು ನಿಂತಾಗ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕೂತೆ. ಮ್ಯಾಚ್ ಆಯಿತು.

ಅವ್ವನಿಗೆ, ಮತ್ತೆ ಪರೀಕ್ಷೆ ಮಾಡಿದಾಗ ಸರಿಹೋಯಿತಂತೆ ಎಂದಷ್ಟೇ ಹೇಳಿದೆ. ಇಬ್ಬರೂ ಅಕ್ಕನನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ಆದರೆ ಅಷ್ಟರಲ್ಲಿ ಅವಳ ಹೃದಯ ಸೋತಿತ್ತು. ಈಗ ಅಷ್ಟು ದೊಡ್ಡ ಆಪರೇಷನ್ ತಡೆಯುವುದಿಲ್ಲ ಎಂದರು ಡಾಕ್ಟರು. ಮೊದಲು ಬಂದದ್ದು ಯಾವಾಗ ಎಂದು ಫೈಲು ತಿರುವಿ ನೋಡಿದರು. ನನ್ನ ಕಡೆ ಒಂದು ಸಲ ನೋಡಿ ಫೈಲು ಮುಚ್ಚಿದರು.

ವಾಪಸ್ ಬರುವಾಗ ಅಕ್ಕ ನನ್ನ ಪಕ್ಕದಲ್ಲೇ ಕೂತಳು. ಅವ್ವ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಳು. ಶ್ರೀರಂಗಪಟ್ಟಣದ ಸೇತುವೆ ದಾಟಿದ ಮೇಲೆ ಅಕ್ಕ ಮಾತಾಡಿದಳು.

"ನೀ ಬರ್ದು ತೋರ್ಸಿದ್ದು ಒಳ್ಳೇದಾಯ್ತು ಅನ್ನಾಕಿಲ್ಲ ನಾನು. ಗೊತ್ತಿಲ್ದೆ ಇದ್ದಿದ್ರೆ ನೆಮ್ಮದಿಯಾಗಿರ್ತಿದ್ದೆ."

"ಊಂ."

"ಬರ್ದಾಯ್ತಲ್ಲ, ಇನ್ನೇನ್ ಮಾಡದು. ಆ ಬೆನ್ನು ತಗ್ದು ಮುಖ ಬರಿ. ಓದೋರ್ಗೆ ನಾನು ಸುಮ್ಕೆ ಎದ್ದೋದೆ ಅನ್ನಿಸ್ಬಾರ್ದು."

ಮುಂದಿನ ಮಂಗಳವಾರದಿಂದ ಮತ್ತೆ ನಾನೇ ಅವಳನ್ನು ಕರೆದುಕೊಂಡು ಹೋಗತೊಡಗಿದೆ. ಮಾತು ಕಡಿಮೆಯಾಗಿತ್ತು. ಪುಟ ಕೊಟ್ಟರೆ ನೋಡುತ್ತಿದ್ದಳು, ತಪ್ಪಿದ್ದರೆ ಬೆರಳಿಟ್ಟು ತೋರಿಸುತ್ತಿದ್ದಳು. ಆರನೇ ಖಾನೆಯ ಮುಖವನ್ನು ಎಷ್ಟು ಸಲ ಬರೆದು ಕೊಟ್ಟರೂ, "ಇದಲ್ಲ" ಅನ್ನುತ್ತಿದ್ದಳು.

ಅವರೆಕಾಯಿ ಕಾಲದಲ್ಲಿ ಒಂದು ಬೆಳಗ್ಗೆ ಜಗಲಿಯಲ್ಲಿ ಕಾಯಿ ಸುಲಿಯುತ್ತಾ ಕೂತಿದ್ದವಳಿಗೆ ಉಸಿರು ಕಟ್ಟಿತು. ಆಂಬುಲೆನ್ಸು ಬಂತು. ಬೆಳ್ಳೂರು ಕ್ರಾಸ್ ತಲುಪುವ ಮೊದಲೇ ಮುಗಿದುಹೋಯಿತು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಎಡಗೈ ಮುಟ್ಟಿ ನೋಡಿದೆ, ಚರ್ಮದ ಕೆಳಗಿನ ಆ ಅದುರು ನಿಂತಿತ್ತು. ಮಾರನೆಯ ದಿನ ಅಂಗಡಿಯವರು ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಲೇ ಎಂದು ಕೇಳಿದರು. ಬೇಡ ಅಂದೆ.

ಆ ಮುಖಕ್ಕಾಗಿ ಮತ್ತೆ ಚಾಚಾನ ಹತ್ತಿರ ಹೋದೆ. ಅವರು ನನ್ನ ಪ್ರಯತ್ನಗಳನ್ನೆಲ್ಲ ನೋಡಿ ತಲೆಯಾಡಿಸಿದರು. "ನಾನು ನೋಡಿಲ್ವಲ್ಲ ಬೇಟಿ ಆ ಮುಖ. ಯಾವ್ದು ಸರಿ, ಯಾವ್ದು ತಪ್ಪು ಅಂತ ನಾನೆಂಗೆ ಏಳ್ಲಿ? ಗೊತ್ತಿದ್ದೋರು ಇಬ್ರು. ಈಗ ನೀನೊಬ್ಳೆ." ಅಷ್ಟು ದಿನ ಕಲಿತ ಕೈಚಳಕವೆಲ್ಲ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಹುಬ್ಬು ಗಂಟಿಕ್ಕಿದರೆ ಸಿಟ್ಟಾಗುತ್ತಿತ್ತು, ಕಣ್ಣಿಗೆ ಒಂದು ಗೆರೆ ಹೆಚ್ಚಾದರೆ ದುಃಖವಾಗುತ್ತಿತ್ತು. ಕೊನೆಗೆ ಗೆರೆಗಳನ್ನು ತೆಗೆಯುತ್ತಾ ತೆಗೆಯುತ್ತಾ, ಕಣ್ಣು, ಮೂಗು, ಸ್ವಲ್ಪ ತೆರೆದ ಬಾಯಿ ಇಷ್ಟೇ ಉಳಿಸಿದೆ. ಅವಳಿದ್ದಿದ್ದರೆ ಅದನ್ನು ನೋಡಿ ಏನನ್ನುತ್ತಿದ್ದಳೋ ಗೊತ್ತಿಲ್ಲ.

ಹತ್ತು ಪ್ರತಿ ಜೆರಾಕ್ಸ್ ಮಾಡಿಸಿ ಪಿನ್ನು ಹೊಡೆದೆ. ಒಂದು ಚಾಚಾನಿಗೆ, ಒಂದು ನರ್ಸಮ್ಮನಿಗೆ, ಒಂದು ನಮ್ಮ ಮಾಲೀಕರಿಗೆ. ಅವ್ವನಿಗೆ ಕೊಡಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಯೋಚಿಸಿದೆ. ಅವ್ವ ಮೂರನೇ ಕ್ಲಾಸು ಓದಿದವಳು, ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ಚಿತ್ರಕ್ಕೆ ಅಕ್ಷರ ಬೇಕಿಲ್ಲವಲ್ಲ. ಒಂದು ಮಧ್ಯಾಹ್ನ ನಾನೇ ಅವಳ ಮುಂದಿಟ್ಟೆ. ಅವಳು ಬೆರಳಿಗೆ ಎಂಜಲು ಹಚ್ಚಿಕೊಂಡು ನಿಧಾನವಾಗಿ ಪುಟ ತಿರುವಿದಳು. ಎಳನೀರಿನ ಪುಟದಲ್ಲಿ ತುಟಿ ಸ್ವಲ್ಪ ಅರಳಿತು. ಆ ಪುಟಕ್ಕೆ ಬಂದಾಗ ಬೆರಳು ನಿಂತಿತು.

"ಇದು ಪಾಂಡವಪುರದ ಬಸ್ಟಾಂಡಾ?"

"ಊಂ."

ಮಿಕ್ಕದ್ದನ್ನೂ ಕೊನೆಯವರೆಗೆ ನೋಡಿದಳು. ಪುಸ್ತಕ ಮುಚ್ಚಿ ನನ್ನ ಕೈಗೇ ಕೊಟ್ಟು, ಕುರಿ ಬಿಟ್ಟುಕೊಂಡು ಹೊರಟಳು. ಆ ದಿನದಿಂದ ಅವಳು ನನ್ನ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟಳು. ಜಗಳವಿಲ್ಲ, ಬೈಗುಳವಿಲ್ಲ. "ಅನ್ನ ಆಗದೆ" ಎಂದು ಗೋಡೆಗೆ ಹೇಳುತ್ತಿದ್ದಳು, ನಾನು ಹೋಗಿ ಬಡಿಸಿಕೊಂಡು ಉಣ್ಣುತ್ತಿದ್ದೆ. ನಾನು ಫ್ಲೆಕ್ಸ್ ಅಂಗಡಿಗೆ ಹೋಗುತ್ತೇನೆ, ಭಾನುವಾರ ಗಂಜಾಂಗೆ ಹೋಗುತ್ತೇನೆ, ಬರುತ್ತೇನೆ. ಹೀಗೇ ಒಂದು ವರ್ಷ ಕಳೆಯಿತು.

ಹೋದ ವಾರ ಅಂಗಳದಲ್ಲಿ ರಾಗಿ ಕೇರುತ್ತಾ ಕೂತಿದ್ದವಳು, ಮೊರ ನಿಲ್ಲಿಸಿ, ತಲೆ ಎತ್ತದೆಯೇ ನನಗೆ ಅಂದಳು:

"ಎದ್ರಿಕೆ ಆಗಿದ್ರೆ ನಂಗೆ ಒಂದ್ ಮಾತು ಏಳ್ಬೋದಾಗಿತ್ತು ನೀನು. ನಾನೇ ಕರ್ಕೊಂಡು ಓಗ್ತಿದ್ದೆ."

ಆಮೇಲೆ ಕೇರಿದ ರಾಗಿಯನ್ನು ಮೊರದ ಸಮೇತ ಎತ್ತಿಕೊಂಡು ಒಳಗೆ ಹೋದಳು.